ಹೂವು ಎಣಿಸೋಕೂ ಒಂದು ಬೇಸಿಗೆ ಬೇಕಾ?

ಪ್ರಶ್ನೆ: ಮೇಡಂ, ನನ್ನ ಮಗಳು ಅಮೆರಿಕದಲ್ಲಿ ಓದುತ್ತಿದ್ದಾಳೆ. ಈ ಬೇಸಿಗೆಗೆ ಕೊಲರಾಡೋ ಬೆಟ್ಟದ ಮೇಲಿನ ಗಾಥಿಕ್ ಎಂಬ ಊರಿಗೆ ಹೋಗುತ್ತಾಳಂತೆ. ಬಂಬಲ್‌ಬೀ ಎಂಬ ಜೇನುನೊಣದ ಕುಟುಂಬ, ಅದರ ಆಹಾರ ಇವುಗಳ ಅಧ್ಯಯನವಂತೆ. ಏನು ಕೆಲಸ ಅಂದರೆ ‘ಹೂವು ಎಣಿಸೋದಪ್ಪ’ ಅನ್ನುತ್ತಾಳೆ. ನಾವು ತುಡುವೆ ಜೇನು ಸಾಕುವವರು. ಪೆಟ್ಟಿಗೆ ತೆರೆದು ನೋಡಿದರೆ ಗೊತ್ತಾಗೋದಿಲ್ವಾ? ಕಚ್ಚಿದರೆ ಅಪಾಯವೇ? ನಮ್ಮ ಮನೆ ತೊಲೆ ಕೊರೆಯುವ ಕಪ್ಪು ದುಂಬಿಯೂ ಇದೇ ಜಾತಿಯಾ?
— ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ನಿಮ್ಮ ಮಗಳು ನಿಜವನ್ನೇ ಹೇಳಿದ್ದಾಳೆ ಸರ್. ನಾನೂ ಅದೇ ಊರಲ್ಲಿ ಒಂದು ಬೇಸಿಗೆ ಹೂವು ಎಣಿಸಿದವಳು. ಗಾಥಿಕ್ ಹಿಂದೆ ಬೆಳ್ಳಿ ಗಣಿಯವರ ಊರು. ಗಣಿ ಮುಗಿದು ಊರು ಖಾಲಿಯಾದ ಮೇಲೆ, 1928ರಲ್ಲಿ ಅಲ್ಲಿ ರಾಕಿ ಮೌಂಟನ್ ಬಯಲಾಜಿಕಲ್ ಲ್ಯಾಬೊರೇಟರಿ ಶುರುವಾಯಿತು. ಸುಮಾರು 2,900 ಮೀಟರ್ ಎತ್ತರ. ಮೊದಮೊದಲು ನಾಲ್ಕು ಹೆಜ್ಜೆ ಏರಿದರೂ ಏದುಸಿರು ಬರುತ್ತದೆ, ಗಾಬರಿಯಾಗಬೇಡಿ.

ಪೆಟ್ಟಿಗೆ ತೆರೆದು ನೋಡೋಣ ಅಂದರೆ ಅಲ್ಲಿ ಪೆಟ್ಟಿಗೆಯೇ ಇಲ್ಲವಲ್ಲ. ಚಳಿಗಾಲ ಪೂರ್ತಿ ರಾಣಿ ಒಬ್ಬಳೇ ಮಣ್ಣಿನೊಳಗೆ ಮಲಗಿರುತ್ತಾಳೆ. ಹಿಮ ಕರಗಿದ ಮೇಲೆ ಎದ್ದು, ಇಲಿ ಬಿಟ್ಟುಹೋದ ಬಿಲವನ್ನೋ ಅಂಥದ್ದೇ ಸಂದನ್ನೋ ಹುಡುಕುತ್ತಾಳೆ. ಮೊದಲ ಮರಿಗಳಿಗೆ ಅವಳೇ ಕಾವು ಕೊಡಬೇಕು, ಅವಳೇ ಮೇವು ತರಬೇಕು. ಆಮೇಲೆ ಕೆಲಸಗಾರ ನೊಣಗಳು ಹುಟ್ಟುತ್ತವೆ. ಬೇಸಿಗೆಯ ಕೊನೆಗೆ ಗಂಡುಗಳೂ ಹೊಸ ರಾಣಿಯರೂ ಹೊರಬರುತ್ತವೆ. ಚಳಿ ಬೀಳುವ ಹೊತ್ತಿಗೆ ಹೊಸ ರಾಣಿಯರನ್ನು ಬಿಟ್ಟು ಉಳಿದವೆಲ್ಲ ಸಾಯುತ್ತವೆ.

ಆ ಬಿಲ ಹುಡುಕುವುದು ಸುಲಭವಲ್ಲ. ಹಾಗಾಗಿ ಹೂವಿನ ಹತ್ತಿರವೇ ಕಾಯಬೇಕು. ರಾಣಿ ನೆಲಕ್ಕೆ ತಾಗುವಂತೆ ಅತ್ತಿತ್ತ ಹಾರುತ್ತಿದ್ದರೆ ಇನ್ನೂ ಮನೆ ಹುಡುಕುತ್ತಿದ್ದಾಳೆ ಅಂತ. ಹಿಂಗಾಲಿಗೆ ಪರಾಗದ ಉಂಡೆ ಅಂಟಿದ್ದರೆ ಗೂಡು ಶುರುವಾಗಿದೆ. ಅಂಥ ರಾಣಿಯನ್ನು ಬಲೆಗೆ ಹಾಕುವಾಗ ಕೈ ತುಂಬಾ ಹಗುರ ಇರಬೇಕು. ಅವಳೊಬ್ಬಳು ಸತ್ತರೆ ಇಡೀ ಕುಟುಂಬವೇ ಹೋಯಿತು.

ಇನ್ನು ಹೂವಿನ ವಿಷಯ. ನೀವು ಜೇನು ಸಾಕುವವರು, ಮಳೆಗಾಲದಲ್ಲಿ ಪೆಟ್ಟಿಗೆಗೆ ಸಕ್ಕರೆ ಪಾಕ ಇಡ್ತೀರಿ ಅಲ್ವಾ? ಹೂವಿಲ್ಲದ ವಾರಗಳು ಕುಟುಂಬವನ್ನು ಏನು ಮಾಡುತ್ತವೆ ಅಂತ ನಿಮಗೆ ಹೇಳಬೇಕಿಲ್ಲ. ತುಡುವೆಗೆ ಎರಿಯಲ್ಲಿ ಸ್ವಲ್ಪವಾದರೂ ದಾಸ್ತಾನು ಇರುತ್ತದೆ. ಬಂಬಲ್‌ಬೀಗೆ ಇರುವುದು ಪುಟ್ಟ ಪುಟ್ಟ ಮೇಣದ ಕುಡಿಕೆಗಳು. ಅದರಲ್ಲಿ ಕೆಲವು ದಿನಕ್ಕಾಗುವಷ್ಟು ಮಾತ್ರ ಮಕರಂದ. ಪಾಕ ಇಡುವವರೂ ಯಾರಿಲ್ಲ.

ಅದಕ್ಕೇ ಒಂದು ದಿನ ಹೋಗಿ ಬೆಟ್ಟ ತುಂಬಾ ಹೂವಿದೆ ಅಂತ ಬರೆದುಕೊಂಡು ಬಂದರೆ ಸಾಲದು. ಯಾವ ವಾರ ಹೂವಿತ್ತು, ಯಾವ ವಾರ ಇರಲಿಲ್ಲ ಅನ್ನುವುದೇ ಮುಖ್ಯ. ಡೇವಿಡ್ ಇನೌಯೆ ಅನ್ನುವ ವಿಜ್ಞಾನಿ 1973ರಿಂದ ಅಲ್ಲಿ ಈ ಲೆಕ್ಕ ಇಡಿಸಿದ್ದಾರೆ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಚೌಕಗಳು. ಬೇಸಿಗೆ ಪೂರ್ತಿ ದಿನ ಬಿಟ್ಟು ದಿನ ಅವೇ ಚೌಕಗಳಲ್ಲಿ ಅರಳಿದ ಹೂವು ಎಣಿಸುವುದು. ಬೇಜಾರಿನ ಕೆಲಸವೇ, ಸುಳ್ಳು ಹೇಳುವುದಿಲ್ಲ.

ಅದರಿಂದ ಗೊತ್ತಾದದ್ದು ಮಾತ್ರ ಸಣ್ಣದಲ್ಲ. ಹಿಮ ಬೇಗ ಕರಗಿದರೆ ಹೂವು ಜಾಸ್ತಿ ಅಂದುಕೊಳ್ಳುತ್ತೇವೆ. ಅಲ್ಲಿ ಉಲ್ಟಾ. ಗಿಡ ಬೇಗ ಚಿಗುರಿ ಮೊಗ್ಗು ಬಿಡುತ್ತದೆ, ಜೂನ್‌ನಲ್ಲಿ ಒಂದು ರಾತ್ರಿ ಹಿಮಗಟ್ಟಿದರೆ ಮೊಗ್ಗೆಲ್ಲ ಕರಟುತ್ತದೆ. ಉದ್ದ ನಾಲಿಗೆಯ ಬಂಬಲ್‌ಬೀಗಳು ನೆಚ್ಚಿಕೊಂಡಿರುವ ನೇರಳೆ ಬಣ್ಣದ ಲಾರ್ಕ್‌ಸ್ಪರ್ ಹೂವಿಗೂ ಇದೇ ಗತಿ. ಬೇಸಿಗೆಯ ನಟ್ಟನಡುವೆ ಹೂವಿನ ಬರಗಾಲವೊಂದು ಕಾಣಿಸಿಕೊಳ್ಳುತ್ತಿದೆ ಎಂಬ ವರದಿ 2011ರಲ್ಲಿ ಬಂತು. ಜೇನ್ ಓಗಿಲ್ವಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮಾತು ಹೇಳುತ್ತದೆ: ಒಂದು ವರ್ಷ ಬಂಬಲ್‌ಬೀ ಎಷ್ಟಿರುತ್ತವೆ ಅನ್ನುವುದಕ್ಕೆ ಅತಿ ಹತ್ತಿರದ ನಂಟು, ಹೂವು ಆ ಕಾಲದುದ್ದಕ್ಕೂ ಹೇಗೆ ಹಂಚಿಹೋಗಿತ್ತು ಎಂಬುದಕ್ಕೆ. ಎಣಿಸುವವರು ವಾರಗಟ್ಟಲೆ ನಾಗಾ ಹಾಕಿದ್ದರೆ ಇದು ಯಾರಿಗೆ ತಿಳಿಯುತ್ತಿತ್ತು?

ಮಕರಂದ ಅಳೆಯುವ ಕೆಲಸ ಸಿಕ್ಕರೆ ಅವಳಿಗೆ ಖುಷಿಯಾದೀತು. ಹಿಂದಿನ ದಿನವೇ ಹೂವಿಗೆ ಸೊಳ್ಳೆಪರದೆಯಂಥ ಬಟ್ಟೆ ಕಟ್ಟಿರುತ್ತಾರೆ. ಮರುದಿನ ಬಿಚ್ಚಿ, ಸೂಜಿಯಷ್ಟು ಸಣ್ಣ ಗಾಜಿನ ನಳಿಗೆಯನ್ನು ಹೂವಿನ ಬುಡಕ್ಕೆ ತೂರಿಸುತ್ತಾರೆ. ಮಕರಂದ ತಾನಾಗಿ ಏರುತ್ತದೆ. ಎಷ್ಟು ಮಿಲಿಮೀಟರ್ ಏರಿತು ಅಂತ ಬರೆದುಕೊಳ್ಳುವುದು. ಮಧ್ಯಾಹ್ನ ಗುಡುಗು ಶುರುವಾದರೆ ಎಲ್ಲ ಬಿಟ್ಟು ಕೆಳಗೆ ಓಡಬೇಕು.

ಕಚ್ಚುವ ಮಾತು. ಹೆಣ್ಣು ಕಚ್ಚುತ್ತದೆ, ಗಂಡಿಗೆ ಮುಳ್ಳಿಲ್ಲ. ತುಡುವೆಯ ಹಾಗೆ ಮುಳ್ಳು ಬಿಟ್ಟು ಹೋಗುವುದಿಲ್ಲ, ಹಾಗಾಗಿ ಮತ್ತೆ ಮತ್ತೆ ಚುಚ್ಚಬಲ್ಲದು. ಆದರೆ ಸುಮ್ನೆ ಮೈಮೇಲೆ ಬರುವ ಜಾತಿಯಲ್ಲ. ಹೂವಿನ ಮೇಲೆ ಕೂತಿದ್ದಾಗ ಬೆರಳು ಹತ್ತಿರ ತಂದರೆ ನಡುವಿನ ಕಾಲೊಂದನ್ನು ಮೇಲೆತ್ತಿ ಹಿಡಿಯುತ್ತದೆ. ‘ಸಾಕು, ಅಲ್ಲೇ ನಿಲ್ಲು’ ಅಂತ. ನಿಂತರೆ ಆಯಿತು. ಮಗಳಿಗೆ ಜೇನು ಕಚ್ಚಿ ಮೈಯೆಲ್ಲ ಊದಿದ್ದೋ ಉಸಿರು ಕಟ್ಟಿದ್ದೋ ಇದ್ದರೆ ಮಾತ್ರ ಹೊರಡುವ ಮೊದಲು ಡಾಕ್ಟರನ್ನು ಕಾಣಲಿ, ಅಲ್ಲಿನವರಿಗೂ ಹೇಳಿರಲಿ.

ನಿಮ್ಮ ತೊಲೆಯ ದುಂಬಿ ಬೇರೆ. ಬಂಬಲ್‌ಬೀ ನಮ್ಮ ದೇಶದಲ್ಲಿರುವುದು ಹಿಮಾಲಯದ ಕಡೆ, ಕರ್ನಾಟಕದಲ್ಲಿಲ್ಲ. ಕಪ್ಪು ದುಂಬಿ ಒಣಮರ ಕೊರೆದು ಅದರೊಳಗೆ ಮರಿ ಮಾಡುತ್ತದೆ. ಕೊಲ್ಲಬೇಡಿ, ಪ್ಯಾಶನ್ ಫ್ರೂಟ್ ಹೂವಿಗೆ ಪರಾಗ ಮುಟ್ಟಿಸುವುದು ಅದೇ. ತೊಲೆಗೆ ಒಂದು ಕೈ ಬಣ್ಣ ಬಳಿಸಿ, ಬಳಿದ ಮರದ ತಂಟೆಗೆ ಅಷ್ಟಾಗಿ ಬರುವುದಿಲ್ಲ. ಕೊಟ್ಟಿಗೆಯ ಹಿಂದೆ ಒಂದೆರಡು ಹಳೇ ಕೊರಡು ಹಾಗೇ ಬಿದ್ದಿರಲಿ.