ಬೆಂಕಿ ನೃತ್ಯಕ್ಕಾಗಿ ಉದ್ದ ಕೂದಲನ್ನು ಕತ್ತರಿಸಲೇಬೇಕೇ?

ನೀವು ಹಾಸನದಲ್ಲಿ ಆರು ತಿಂಗಳಿಂದ ಪೋಯ್, ಅಂದರೆ ಸರಪಳಿಯ ತುದಿಗೆ ಗುಂಡನ್ನೋ ಉರಿಯುವ ಬತ್ತಿಯನ್ನೋ ಕಟ್ಟಿ ಎರಡೂ ಕೈಗಳಲ್ಲಿ ತಿರುಗಿಸುವ ಆಟ, ಅಭ್ಯಾಸ ಮಾಡುತ್ತಿದ್ದೀರಿ. ಸೊಂಟ ಮುಟ್ಟುವ ಕೂದಲನ್ನು ಇಟ್ಟುಕೊಂಡೇ ಬೆಂಕಿ ಹಚ್ಚಿ ಆಡಬಹುದೇ, ನೋಡಲು ಲಕ್ಷಣವಾಗಿಯೂ ಇರುವಂತೆ ಅದನ್ನು ಹೇಗೆ ಕಟ್ಟಬೇಕು, ತಾಯಿಯವರು ಹೇಳುವಂತೆ ಭುಜದವರೆಗೆ ಕತ್ತರಿಸಿಬಿಡುವುದೇ ಸರಿಯೇ ಎಂದು ಕೇಳಿದ್ದೀರಿ. ಕತ್ತರಿಸಬೇಕಾಗಿಲ್ಲ. ನಾನು ಚಿಕ್ಕಮಗಳೂರಿನವಳು. ಒಂಬತ್ತು ವರ್ಷಗಳಿಂದ ತೋಟದ ಮನೆಗಳ ಅಂಗಳದಲ್ಲಿ, ಹೋಮ್‌ಸ್ಟೇಗಳಲ್ಲಿ, ಮದುವೆಯ ಆರತಕ್ಷತೆಗಳಲ್ಲಿ ಬೆಂಕಿಯ ಪೋಯ್ ಮತ್ತು ಅಂಚಿನಲ್ಲಿ ಬತ್ತಿಗಳು ಉರಿಯುವ ಬೀಸಣಿಗೆ ಆಡುತ್ತಿದ್ದೇನೆ, ನನ್ನ ಕೂದಲು ಸೊಂಟದಿಂದ ಒಂದು ಗೇಣು ಕೆಳಗಿದೆ. ಭುಜದವರೆಗಿನ ಕೂದಲು ನಿಮ್ಮನ್ನು ಕಾಪಾಡುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅಷ್ಟುದ್ದದ ಕೂದಲು ತುರುಬಿಗೆ ಸಾಲುವುದಿಲ್ಲ, ಜಡೆಯಿಂದಲೂ ಜಾರಿ ಕೆನ್ನೆಯ ಪಕ್ಕಕ್ಕೇ ಬಂದು ಹಾರಾಡುತ್ತದೆ. ಉದ್ದ ಕೂದಲನ್ನಾದರೆ ಕೊನೆಯ ಎಳೆಯವರೆಗೂ ಹೆಣೆದು, ಸುತ್ತಿ, ತುದಿಯನ್ನು ಒಳಗೆ ಅಡಗಿಸಬಹುದು.

ನಮ್ಮ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಮರದ ಒಣ ತರಗಿಗೆ ಕಡ್ಡಿ ಗೀರಿದರೆ ಧಗ್ಗೆಂದು ಏಳುತ್ತದೆ. ಅದೇ ಮರದ ಕೊರಡಿಗೆ ಹತ್ತು ಕಡ್ಡಿ ಗೀರಿದರೂ ತೊಗಟೆ ಕಪ್ಪಾಗುತ್ತದೆ ಅಷ್ಟೆ. ಸುತ್ತಲೂ ಗಾಳಿಯಾಡುವ ತೆಳ್ಳನೆಯ ವಸ್ತು ಕ್ಷಣದಲ್ಲಿ ಕಾಯುತ್ತದೆ, ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಬಿಡಿ ಕೂದಲೆಳೆ ತರಗಿನಂತೆ, ಬಿಗಿಯಾಗಿ ಹೆಣೆದು ಸುತ್ತಿದ ತುರುಬು ಕೊರಡಿನಂತೆ. ಸೀಮೆಎಣ್ಣೆಯ ಹಳದಿ ಜ್ವಾಲೆ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಬಿಸಿಯಿರುತ್ತದೆ, ಕೂದಲಿನ ಕೆರಾಟಿನ್ 200 ಡಿಗ್ರಿ ದಾಟುತ್ತಿದ್ದಂತೆ ಕೆಡತೊಡಗುತ್ತದೆ. ಆದುದರಿಂದ ಜ್ವಾಲೆ ಕೂದಲಿನ ಬಳಿ ಸುಳಿಯುವ ಅರ್ಧ ಸೆಕೆಂಡಿನಲ್ಲಿ ಅದಕ್ಕೆ ಸಿಗುವುದು ತರಗೋ ಕೊರಡೋ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ.

ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಹೆದರಿಸುತ್ತದೆ. ಕೂದಲಿಗೆ ನೋವಿಲ್ಲ. ಬೆಂಕಿ ನೆತ್ತಿಯ ಚರ್ಮವನ್ನು ಮುಟ್ಟುವವರೆಗೂ ಆಡುವವರಿಗೆ ಅದು ತಿಳಿಯುವುದೇ ಇಲ್ಲ. 1984ರ ಜನವರಿಯಲ್ಲಿ ಒಂದು ಜಾಹೀರಾತಿನ ಚಿತ್ರೀಕರಣದ ವೇಳೆ ಪಟಾಕಿಯ ಕಿಡಿ ತಾಗಿ ಮೈಕೆಲ್ ಜಾಕ್ಸನ್ ಅವರ ಕೂದಲು ಹೊತ್ತಿಕೊಂಡಾಗ, ಅವರು ಅದರ ಅರಿವಿಲ್ಲದೆ ಕೆಲವು ಕ್ಷಣ ಕುಣಿಯುತ್ತಲೇ ಇದ್ದರು. ನೆತ್ತಿಗೆ ಗಂಭೀರ ಸುಟ್ಟಗಾಯವಾಯಿತು. ಅಷ್ಟು ಜನರ ನಡುವೆ ಅಷ್ಟು ನುರಿತ ನರ್ತಕನಿಗೇ ತಿಳಿಯಲಿಲ್ಲವೆಂದ ಮೇಲೆ, ಕತ್ತಲಲ್ಲಿ ಎರಡು ಜ್ವಾಲೆಗಳ ಸದ್ದಿನ ನಡುವೆ ಇರುವ ನಮಗೆ ತಿಳಿದೀತೆಂದು ನಂಬಿಕೊಂಡು ಕೂರಬಾರದು. ಸುಟ್ಟ ಕೂದಲಿನ ಗಂಧಕದ ಕಮಟು ವಾಸನೆ ಮೂಗಿಗೆ ಬಂದರೆ ಅದನ್ನು ಅನುಮಾನಿಸದೆ ಆಟವನ್ನು ಅಲ್ಲಿಗೇ ನಿಲ್ಲಿಸಿ.

ಕೂದಲಿಗಿಂತ ಹೆಚ್ಚು ಅಪಾಯ ನಾವು ಅದಕ್ಕೆ ಹಚ್ಚುವ ವಸ್ತುಗಳಲ್ಲಿದೆ ಎಂಬುದನ್ನು ನಾನು ಪೆಟ್ಟು ತಿಂದು ಕಲಿತೆ. ಐದು ವರ್ಷಗಳ ಹಿಂದೆ, ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ಡಿಸೆಂಬರ್ 31ರ ರಾತ್ರಿ ಆಡುವುದಿತ್ತು. ಅಲಂಕಾರಕ್ಕೆ ಬಂದಿದ್ದವರು ನನ್ನ ಮುಂಗುರುಳು ಕೂತಿರಲೆಂದು ಹೇರ್ ಸ್ಪ್ರೇ ಹೊಡೆದರು. ಬೇಡವೆನ್ನಲು ಸಂಕೋಚಪಟ್ಟು ಸುಮ್ಮನಿದ್ದೆ. ಹೇರ್ ಸ್ಪ್ರೇಯಲ್ಲಿ ಆಲ್ಕೋಹಾಲ್ ಇರುತ್ತದೆ, ಅದನ್ನು ಚಿಮ್ಮಿಸುವ ಅನಿಲವೂ ಸಾಮಾನ್ಯವಾಗಿ ನಮ್ಮ ಅಡುಗೆ ಅನಿಲದ ಜಾತಿಯದೇ. ಬೀಸಣಿಗೆಯನ್ನು ಮುಖದ ಪಕ್ಕಕ್ಕೆ ತಂದ ಮೊದಲ ಸುತ್ತಿನಲ್ಲಿಯೇ ಎಡಗಿವಿಯ ಮೇಲಿನ ಕೂದಲು ಬೆರಳಗಲ ಉರಿದುಹೋಯಿತು. ಪಕ್ಕದಲ್ಲಿ ಒದ್ದೆ ಟವೆಲ್ ಹಿಡಿದು ನಿಂತಿದ್ದ ಗೆಳತಿ ಒಂದೇ ಹೆಜ್ಜೆಗೆ ಬಂದು ಒತ್ತಿ ಹಿಡಿಯದಿದ್ದರೆ ಈ ಉತ್ತರವನ್ನು ನಾನು ಬರೆಯುತ್ತಿರಲಿಲ್ಲ. ಅಂದಿನಿಂದ ಆಟದ ದಿನ ಸ್ಪ್ರೇ, ಸೀರಮ್, ಅತ್ತರು ಯಾವುದನ್ನೂ ತಲೆಗೆ ತಾಗಿಸುವುದಿಲ್ಲ. ಕೊಬ್ಬರಿ ಎಣ್ಣೆಯೂ ಬೇಡ. ಅದು ತಾನಾಗಿ ಸುಲಭಕ್ಕೆ ಹೊತ್ತಿಕೊಳ್ಳುವಂಥದ್ದಲ್ಲ, ನಿಜ, ಆದರೆ ಎಣ್ಣೆಯಲ್ಲಿ ನೆನೆದ ನೂಲು ದೀಪದ ಬತ್ತಿಯಾಗುವಂತೆ ಎಣ್ಣೆ ಹಚ್ಚಿದ ಎಳೆಯೂ ಬತ್ತಿಯಾಗುತ್ತದೆ. ಹಿಂದಿನ ದಿನ ಸೀಗೆಕಾಯಿಯಿಂದಲೋ ಶಾಂಪೂವಿನಿಂದಲೋ ಜಿಡ್ಡು ಬಿಡುವಂತೆ ತಲೆ ತೊಳೆದುಕೊಳ್ಳಿ. ಹಾರುವ ಸಣ್ಣ ಕೂದಲನ್ನು ಕೂರಿಸಲು ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ ಸೋಸಿದ ಲೋಳೆ, ಇಲ್ಲವೇ ಲೋಳೆಸರದ ತಿರುಳು ಸಾಕು. ಎರಡರಲ್ಲೂ ಬಹುಪಾಲು ನೀರೇ ಇರುವುದರಿಂದ ಹಸಿಯಾಗಿರುವಷ್ಟು ಹೊತ್ತು ಅವು ನಿಮ್ಮ ಪರವಾಗಿಯೇ ಕೆಲಸ ಮಾಡುತ್ತವೆ.

ಕಟ್ಟುವ ಬಗೆ ನಿಮ್ಮ ಕೈಯಲ್ಲಿರುವ ಸಲಕರಣೆಗೆ ಹೊಂದಬೇಕು. ಪೋಯ್ ಆಡುವವರು ಜಡೆಯನ್ನು ಬೆನ್ನಿಗೆ ಇಳಿಬಿಡಲೇಬಾರದು. ಜಡೆ ಎಷ್ಟೇ ಬಿಗಿಯಾಗಿದ್ದರೂ ತಿರುಗುವಾಗ ಅದು ತಾನೂ ಬೀಸುತ್ತದೆ, ಬೆನ್ನ ಹಿಂದಿನ ಸುತ್ತುಗಳಲ್ಲಿ ಸರಪಳಿಗೆ ಸಿಕ್ಕಿಕೊಂಡರೆ ಉರಿಯುವ ಬತ್ತಿ ತಾನಾಗಿ ಕತ್ತಿನ ಬಳಿಗೆ ಬಂದು ನಿಲ್ಲುತ್ತದೆ. ನಾನು ಕೂದಲನ್ನು ಒದ್ದೆ ಮಾಡಿ, ಹಿಂಡಿ, ನಡು ಬೈತಲೆಯಿಂದ ನೆತ್ತಿಗಂಟಿದ ಎರಡು ಜಡೆಗಳನ್ನು ಹಣೆಯಿಂದಲೇ ಹೆಣೆದು ತರುತ್ತೇನೆ. ದಾರಿಯುದ್ದಕ್ಕೂ ಪಕ್ಕದ ಕೂದಲನ್ನು ಸೇರಿಸಿಕೊಳ್ಳುತ್ತ ಹೋಗುವುದರಿಂದ ಮುಂಗುರುಳು ಉಳಿಯುವುದಿಲ್ಲ. ಹಿಂದೆ ಎರಡನ್ನೂ ಒಂದರ ಮೇಲೊಂದು ಸುತ್ತಿ ಚಪ್ಪಟೆ ತುರುಬು ಮಾಡಿ, ಸ್ಟೀಲಿನ ಯು ಪಿನ್‌ಗಳಿಂದ ಬಿಗಿದು, ತುದಿಗಳನ್ನು ತುರುಬಿನ ಅಡಿಗೆ ತೂರಿಸುತ್ತೇನೆ. ಜಡೆಯ ಕೊನೆಗೆ ರಬ್ಬರ್ ಬ್ಯಾಂಡ್ ಬದಲು ಹತ್ತಿಯ ನೂಲನ್ನು ಕಟ್ಟಿ. ಪ್ಲಾಸ್ಟಿಕ್ ಕ್ಲಚರ್ ಕರಗಿ ಕೂದಲಿಗೆ ಅಂಟುತ್ತದೆ. ಮುಂದೆ ನೀವು ಕೋಲು ಹಿಡಿದು ಕತ್ತಿನ ಮೇಲೆ ಉರುಳಿಸುವುದನ್ನು ಕಲಿತರೆ ತುರುಬು ಹೆಗಲ ಬಳಿ ಇದ್ದಷ್ಟೂ ಅಡ್ಡಿ, ಆಗ ಅದನ್ನು ನಡುನೆತ್ತಿಗೆ ಏರಿಸಬೇಕು. ಬೀಸಣಿಗೆಗಾದರೆ ಹಣೆ ಮತ್ತು ಕಿವಿಯ ಸುತ್ತಲಿನ ಜಾಗವೇ ಮುಖ್ಯ, ತುರುಬು ಎಲ್ಲಿದ್ದರೂ ನಡೆಯುತ್ತದೆ.

ಕಟ್ಟಿದ್ದು ಸರಿಯಾಗಿದೆಯೇ ಎಂದು ತಿಳಿಯಲು ನಾನೊಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಅಭ್ಯಾಸದ ಕಾಲುಚೀಲದ ಪೋಯ್ ಗುಂಡುಗಳನ್ನು ರಂಗೋಲಿ ಪುಡಿಯಲ್ಲಿ ಹೊರಳಿಸಿ, ಪೂರ್ತಿ ಅಲಂಕಾರ ಮಾಡಿಕೊಂಡು, ಬೆಂಕಿಯಿಲ್ಲದೆ ಇಡೀ ಆಟವನ್ನು ಎರಡು ಬಾರಿ ಆಡಬೇಕು, ಆಮೇಲೆ ಗೆಳತಿಯೊಬ್ಬಳ ಕೈಯಲ್ಲಿ ತಲೆಯನ್ನೂ ಬೆನ್ನನ್ನೂ ನೋಡಿಸಬೇಕು. ಬಿಳಿ ಗುರುತು ಬಿದ್ದ ಜಾಗಕ್ಕೆ ನಾಳೆ ಬೆಂಕಿ ತಾಗುತ್ತದೆ. ಮೊದಲ ಸಲ ನೋಡಿದಾಗ ನನ್ನ ಬಲ ಹಿಂಭಾಗವೆಲ್ಲ ಬೆಳ್ಳಗಾಗಿತ್ತು. ಎಡಗೈಯ ಸುತ್ತು ಒಳಕ್ಕೆ ವಾಲುತ್ತಿದೆ ಎಂಬುದು ಗೊತ್ತಾದದ್ದೇ ಆಗ.

ಆಟ ಹತ್ತು ನಿಮಿಷಕ್ಕಿಂತ ಹೆಚ್ಚಿನದಾದರೆ, ಅಥವಾ ಗಾಳಿಯಿದ್ದರೆ, ತುರುಬಿನ ಮೇಲೆ ಬಟ್ಟೆ ಕಟ್ಟಿ. ಒತ್ತಾಗಿ ನೇಯ್ದ ದಪ್ಪ ಹತ್ತಿ ಬಟ್ಟೆಯಿರಲಿ, ಅದರಲ್ಲಿ ಜೂಲು, ಜರಿ, ಮಿನುಗು ಚುಕ್ಕಿ ಯಾವುದೂ ಇರಬಾರದು. ಅಂಗಡಿಯವರು ಹತ್ತಿಯೆಂದರೆ ನಂಬಿ ಕೂರದೆ ಅಂಚಿನಿಂದ ಒಂದೆರಡು ಎಳೆ ಕಿತ್ತು ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆಯ ಬೂದಿಯಾಗುತ್ತದೆ. ಅಪ್ಪಟ ರೇಷ್ಮೆ, ಉಣ್ಣೆಗಳು ಕೂದಲು ಸುಟ್ಟಂತೆ ನಾರಿ, ಬೆರಳಲ್ಲಿ ಪುಡಿಯಾಗುವ ಕರಿಯಾಗುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಆ ಮಣಿ ನೆತ್ತಿಯ ಚರ್ಮದ ಮೇಲೆ ಕೂತರೆ ಬಿಡಿಸಲಾಗದು. ಇದೇ ಕಾರಣಕ್ಕೆ ಕೃತಕ ಕೂದಲಿನ ಚೌರಿ ಮತ್ತು ಜಡೆಕುಚ್ಚನ್ನು ನಾನು ಖಡಾಖಂಡಿತವಾಗಿ ಬೇಡವೆನ್ನುತ್ತೇನೆ. ನೀವು ಭರತನಾಟ್ಯ ಕಲಿತವರಾದರೆ ಕುಚ್ಚಿಲ್ಲದ ಜಡೆ ಬೋಳೆನಿಸಬಹುದು, ಆದರೂ ಬೇಡ.

ಲಕ್ಷಣದ ಮಾತಿಗೆ ಬಂದರೆ, ನಮಗೆ ಮಾದರಿಗೆ ಬರವಿಲ್ಲ. ನಿಮ್ಮ ಊರಿನಿಂದ ಸುಮಾರು 40 ಕಿಲೋಮೀಟರ್ ದೂರದ ಬೇಲೂರಿನಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಶಿಲಾಬಾಲಿಕೆಯರನ್ನು ಒಮ್ಮೆ ಕೂದಲಿನ ದೃಷ್ಟಿಯಿಂದಲೇ ನೋಡಿ ಬನ್ನಿ. ಕನ್ನಡಿ ಹಿಡಿದ ದರ್ಪಣಸುಂದರಿಯ ಮುಂದೆ ನಾನು ಅರ್ಧ ದಿನ ನಿಂತಿದ್ದೇನೆ. ಕುಣಿಯುವ ಹೆಣ್ಣಿನ ಚೆಲುವನ್ನು ತೋರಿಸಲು ಆ ಶಿಲ್ಪಿಗಳಿಗೆ ಹಾರುವ ಕೂದಲು ಬೇಕಾಗಲಿಲ್ಲ, ಅಚ್ಚುಕಟ್ಟಾದ ಕೇಶಾಲಂಕಾರ ಮತ್ತು ಕತ್ತಿನ ಬಾಗು ಸಾಕಾಯಿತು. ಬೆಂಕಿಯ ಬೆಳಕು ಪಕ್ಕದಿಂದ ಬೀಳುವುದರಿಂದ ಹೆಣಿಗೆಯ ಏರಿಳಿತಗಳು ನೆರಳಿನಲ್ಲಿ ಎದ್ದು ಕಾಣುತ್ತವೆ. ಹಗಲಿನಲ್ಲಿ ಸಾಧಾರಣವೆನಿಸುವ ಜಡೆ ರಾತ್ರಿ ಕೆತ್ತನೆಯಂತೆ ತೋರುತ್ತದೆ. ಹಿತ್ತಾಳೆಯ ಚಪ್ಪಟೆ ಜಡೆಬಿಲ್ಲೆಯೊಂದನ್ನು ತುರುಬಿನ ನಡುವೆ ಹೊಲಿದು ಕೂರಿಸಬಹುದು, ಆದರೆ ಲೋಹ ಕಾಯುವುದರಿಂದ ಅದು ಚರ್ಮಕ್ಕೆ ತಾಗದಂತೆ ಹತ್ತಿಯ ಪದರವಿರಲಿ. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ ಹಸಿ ಮಲ್ಲಿಗೆಯನ್ನು ನೀರು ಚಿಮುಕಿಸಿ ತುರುಬಿನ ಬುಡಕ್ಕೆ ಒಂದು ಸುತ್ತು ಮುಡಿದು ನಾನು ಆಡಿದ್ದೇನೆ. ಇಳಿಬಿಟ್ಟ ದಂಡೆ, ಬಾಡಿದ ಹೂವು, ಪ್ಲಾಸ್ಟಿಕ್ ಹೂವು ಸಲ್ಲದು.

ಬಿಚ್ಚುಗೂದಲಿನಲ್ಲಿಯೇ ಆಡಿ, ಉಗ್ರವಾಗಿ ಕಾಣುತ್ತದೆ ಎಂದು ಕಾರ್ಯಕ್ರಮದವರು ಒತ್ತಾಯಿಸುವುದುಂಟು. ಒಪ್ಪಬೇಡಿ. ಅವರಿಗೆ ಬೇಕಾದದ್ದನ್ನು ಬೇರೆ ದಾರಿಯಲ್ಲಿ ಕೊಡಬಹುದು. ದ್ರೌಪದಿಯ ಬಿಚ್ಚಿದ ಮುಡಿ ಯಾರಿಗೆ ತಿಳಿಯದು? ಮೊದಲ ಭಾಗವನ್ನು ಬೆಂಕಿಯಿಲ್ಲದೆ, ಬಿಟ್ಟ ಕೂದಲಿನಲ್ಲಿ ಕುಣಿದು, ತಮಟೆಯ ಗತ್ತಿಗೆ ಸರಿಯಾಗಿ ಸಭೆಯ ಮುಂದೆಯೇ ಮುಡಿ ಕಟ್ಟಿ, ಒದ್ದೆ ಬಟ್ಟೆ ಸುತ್ತಿ, ಕಾವಲಿನವರು ಬಂದು ನೋಡಿ ತಲೆಯಾಡಿಸಿದ ಮೇಲೆ ಬತ್ತಿ ಹಚ್ಚಿಸುವ ಒಂದು ಆಟವನ್ನು ನಾವು ಕಟ್ಟಿದ್ದೇವೆ. ಮುಡಿ ಕಟ್ಟುವ ಆ ಮೂರು ನಿಮಿಷಗಳಲ್ಲಿ ಜನ ಉಸಿರು ಬಿಗಿಹಿಡಿದು ಕೂರುತ್ತಾರೆ.

ಬತ್ತಿಯನ್ನು ಅದ್ದುವ ಎಣ್ಣೆಯ ವಿಚಾರದಲ್ಲಿ ಕೂದಲಿಗೆ ಸಂಬಂಧಿಸಿದಷ್ಟನ್ನು ಹೇಳುತ್ತೇನೆ. ಪೆಟ್ರೋಲ್ ಯಾವ ಕಾರಣಕ್ಕೂ ಬೇಡ. ಸೀಮೆಎಣ್ಣೆಯ ಆವಿ ಹೊತ್ತಿಕೊಳ್ಳಲು ಎಣ್ಣೆ 38 ಡಿಗ್ರಿಗಿಂತ ಹೆಚ್ಚು ಕಾಯಬೇಕು, ಪೆಟ್ರೋಲಿನ ಆವಿಯಾದರೋ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳಬಲ್ಲದು. ಅದ್ದಿದ ಬತ್ತಿಯನ್ನು ಡಬ್ಬದೊಳಗೇ ಚೆನ್ನಾಗಿ ಹಿಂಡಿ, ಇಲ್ಲದಿದ್ದರೆ ಮೊದಲ ಸುತ್ತಿನಲ್ಲಿ ಹಾರುವ ಹನಿಗಳು ನಿಮ್ಮ ತಲೆಯ ಮೇಲೆಯೇ ಬೀಳುತ್ತವೆ. ತಲೆ ಕಟ್ಟಿ ಮುಗಿಸಿದ ಮೇಲೆಯೇ ಎಣ್ಣೆ ಮುಟ್ಟಬೇಕು. ಎಣ್ಣೆ ಮುಟ್ಟಿದ ಕೈ ಮತ್ತೆ ತಲೆಗೆ ಹೋಗಬಾರದು. ಕೂದಲು ಸರಿಮಾಡಿಕೊಳ್ಳುವುದು ನಮಗೆ ಅರಿವಿಲ್ಲದೆ ಆಗುವ ಚಾಳಿಯಾದ್ದರಿಂದ ಇದನ್ನು ಅಭ್ಯಾಸದ ದಿನಗಳಿಂದಲೇ ಬಿಡಿಸಿಕೊಳ್ಳಬೇಕು.

ಗುಡ್ಡದ ಊರುಗಳಲ್ಲಿ ಸಂಜೆಯ ಗಾಳಿ ಹೇಳಿ ಕೇಳಿ ಬರುವುದಿಲ್ಲ. ಮುಖಕ್ಕೆ ಗಾಳಿ ಬೀಸಿದರೆ ಎದುರಿನ ಜ್ವಾಲೆ ನಿಮ್ಮ ಮೇಲೆಯೇ ವಾಲುತ್ತದೆ, ಬೆನ್ನಿಗೆ ಬೀಸಿದರೆ ಸಡಿಲ ಕೂದಲು ಮುಂದಕ್ಕೆ ಹಾರಿ ಜ್ವಾಲೆಯನ್ನು ಸೇರುತ್ತದೆ. ಕೂದಲು ಪೂರ್ತಿ ಕಟ್ಟಿದ್ದರೆ ಗಾಳಿಯನ್ನು ಪಕ್ಕಕ್ಕೋ ಬೆನ್ನಿಗೋ ತೆಗೆದುಕೊಂಡು ನಿಲ್ಲುವ ಸ್ವಾತಂತ್ರ್ಯ ನಿಮಗಿರುತ್ತದೆ. ಡಿಸೆಂಬರಿನ ಚಳಿಯಲ್ಲಿ ಒದ್ದೆ ತಲೆ ಕಷ್ಟವೇ, ಆದರೂ ಬಿಡಬೇಡಿ. ಪ್ರತಿ ಗ್ರಾಂ ನೀರು ಆವಿಯಾಗುವಾಗ ಸುಮಾರು 2260 ಜೂಲ್ ಶಾಖವನ್ನು ತಾನು ನುಂಗುತ್ತದೆ, ಅಷ್ಟು ಶಾಖ ಕೂದಲಿಗೆ ತಲುಪುವುದಿಲ್ಲ. ಬೆಂಕಿಯ ಬಳಿ ತಲೆ ಬೇಗ ಒಣಗುವುದರಿಂದ ಎರಡು ಆಟಗಳ ನಡುವೆ ಮತ್ತೆ ನೀರು ಸವರಬೇಕು, ನೀರು ಕೈಗೆ ಇಳಿದು ಹಿಡಿ ಜಾರದಂತೆ ಅಂಗೈಗಳನ್ನು ಒರೆಸಿಕೊಳ್ಳಬೇಕು. ಆಡುವ ಜಾಗ ಕಾಫಿ ಹರವಿಲ್ಲದ ಸಿಮೆಂಟಿನ ಕಣವಾದರೆ ಉತ್ತಮ, ಒಣಹುಲ್ಲಿನ ಮೇಲಂತೂ ಕೂಡದು.

ಕಾವಲಿಗೆ ಒಬ್ಬರಿಲ್ಲದೆ ಬತ್ತಿ ಹಚ್ಚಬೇಡಿ. ಅವರು ಕುಡಿಯದೆ, ಮೊಬೈಲಿನಲ್ಲಿ ಚಿತ್ರ ತೆಗೆಯದೆ ನಿಮ್ಮ ತಲೆಯನ್ನಷ್ಟೇ ನೋಡುತ್ತಿರಬೇಕು. ನಮ್ಮಲ್ಲಿ ಕೂಗುವ ಮಾತು ಒಂದೇ, ‘ತಲೆ’. ಅದು ಕೇಳಿದೊಡನೆ ಆಡುವವಳು ಸಲಕರಣೆಯನ್ನು ದೂರಕ್ಕೆ ಬಿಟ್ಟು, ಕಣ್ಣು ಬಾಯಿ ಮುಚ್ಚಿ, ಓಡದೆ ಮಂಡಿಯೂರಬೇಕು. ಓಡಿದರೆ ಬೆಂಕಿಗೆ ಗಾಳಿ ಹಾಕಿದಂತೆ. ಕಾವಲಿನವರು ಒದ್ದೆ ಹತ್ತಿ ಟವೆಲನ್ನು ಹಣೆಯಿಂದ ಹಿಂದಕ್ಕೆ ಎಳೆದು ಒತ್ತಿ ಹಿಡಿಯಬೇಕು, ಬಡಿಯಬಾರದು. ಬಟ್ಟೆಗೆ ಹೊತ್ತಿಕೊಂಡರೆ ಮುಚ್ಚಲು ನಾವು ಅಪ್ಪಟ ಕುರಿ ಉಣ್ಣೆಯ ಕಂಬಳಿಯನ್ನು ಇಟ್ಟುಕೊಳ್ಳುತ್ತೇವೆ. ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಈ ಕ್ರಮವನ್ನು ಬೆಂಕಿಯಿಲ್ಲದೆ ಹತ್ತು ಹದಿನೈದು ಬಾರಿ ಮಾಡಿ ರೂಢಿಸಿಕೊಳ್ಳಿ. ಚರ್ಮ ಸುಟ್ಟರೆ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಶಾಯಿ, ಬೆಣ್ಣೆ ಯಾವುದನ್ನೂ ಹಚ್ಚಬಾರದು. ಮುಖ ಸುಟ್ಟಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಆಟ ಮುಗಿದ ರಾತ್ರಿ ತಲೆ ತೊಳೆಯದೆ ಮಲಗಬೇಡಿ. ಹೊಗೆಯ ಮಸಿಯೂ ಎಣ್ಣೆಯ ತುಂತುರೂ ಕೂದಲನ್ನು ಒರಟಾಗಿಸುತ್ತವೆ. ಮಾರನೆಯ ದಿನ ಬಿಸಿಲಿನಲ್ಲಿ ಕೂತು ತುದಿಗಳನ್ನು ಬೆರಳಿನಿಂದ ಸವರಿ ನೋಡಿ. ಸೀದ ಎಳೆ ಕೊನೆಯಲ್ಲಿ ಸಣ್ಣ ಗಂಟಿನಂತೆ ಗರಗರ ಎನ್ನುತ್ತದೆ, ಅಷ್ಟನ್ನು ಮಾತ್ರ ಕತ್ತರಿಸಿ. ಕೊಬ್ಬರಿ ಎಣ್ಣೆಗೆ ಆ ದಿನ ಅಡ್ಡಿಯಿಲ್ಲ. ರಂಗೋಲಿ ಪುಡಿಯ ಪರೀಕ್ಷೆಯನ್ನು ತಾಯಿಯವರ ಕಣ್ಣೆದುರಿಗೇ ಮಾಡಿ, ಗುರುತು ಎಲ್ಲಿ ಬಿತ್ತೆಂದು ಅವರಿಂದಲೇ ಹೇಳಿಸಿ. ಬೆನ್ನ ಹಿಂದಿನ ಸುತ್ತುಗಳನ್ನು ನೀವು ಈಗಾಗಲೇ ಆಡುತ್ತಿದ್ದೀರೋ ಇಲ್ಲವೋ ಎಂಬುದನ್ನು ಬರೆದಿಲ್ಲ. ತಿಳಿಸಿದರೆ ತುರುಬನ್ನು ಎಷ್ಟು ಎತ್ತರದಲ್ಲಿ ಕೂರಿಸಬೇಕೆಂದು ಇನ್ನಷ್ಟು ಖಚಿತವಾಗಿ ಹೇಳಬಲ್ಲೆ.