ಬೀದಿಗೆ ಬಾಗಿಲಿಲ್ಲದ ಮನೆಗಳು

ಪ್ರಶ್ನೆ: ಮಗಳ ಮನೆಗೆಂದು ನಾನೂ ನನ್ನ ಪತ್ನಿಯೂ ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್‌ಗೆ ಹೊರಟಿದ್ದೇವೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 65 ಕಿಲೋಮೀಟರ್ ದೂರದ ಸೇಂಟ್ ಅಗಸ್ಟಿನ್‌ನಲ್ಲಿ ಸ್ಪೇನಿನವರ ಕಾಲದ ಹಳೆಯ ಪೇಟೆಯಿದೆ ಎಂದು ಮಗಳು ಹೇಳುತ್ತಾಳೆ. ನೋಡಿಬಂದ ಪರಿಚಿತರೊಬ್ಬರು ಮಾತ್ರ ಅಲ್ಲಿ ಹಳೆಯದೇನೂ ಇಲ್ಲ, ಬರೀ ಅಂಗಡಿಸಾಲು ಎನ್ನುತ್ತಾರೆ. ಯಾರ ಮಾತು ನಿಜ? ಮಂಡಿನೋವಿರುವ ನಾನು ಒಂದು ದಿನದಲ್ಲಿ ಏನೇನು ನೋಡಬಹುದು?
— ಓದುಗರೊಬ್ಬರು, ಕುಂದಾಪುರ

ಉತ್ತರ: ಇಬ್ಬರ ಮಾತೂ ನಿಜ. ಪೆಡ್ರೊ ಮೆನೆಂಡೆಜ್ ದೆ ಅವಿಲೆಸ್ ಎಂಬ ಸ್ಪೇನಿನ ನೌಕಾಧಿಪತಿ 1565ರಲ್ಲಿ ನೆಲೆಗೊಳಿಸಿದ ಈ ಊರು, ಐರೋಪ್ಯರು ಸ್ಥಾಪಿಸಿ ಇಂದಿಗೂ ಜನವಸತಿ ಉಳಿಸಿಕೊಂಡಿರುವ ಊರುಗಳ ಪೈಕಿ ಅಮೆರಿಕದ ಮುಖ್ಯ ಭೂಭಾಗದಲ್ಲಿ ಅತ್ಯಂತ ಹಳೆಯದು. ಆದರೆ ಆ ಕಾಲದ ಮನೆಯೊಂದೂ ಈಗ ನಿಂತಿಲ್ಲ. 1702ರಲ್ಲಿ ಕರೊಲಿನಾದ ಇಂಗ್ಲಿಷ್ ಗವರ್ನರ್ ಜೇಮ್ಸ್ ಮೂರ್ ಮುತ್ತಿಗೆ ಹಾಕಿದಾಗ ಊರಿನವರೂ ಸೈನಿಕರೂ ಸೇರಿ ಸುಮಾರು 1,500 ಮಂದಿ ಏಳೆಂಟು ವಾರ ಕೋಟೆಯೊಳಗೇ ಕಳೆದರು; ಕೋಟೆಯನ್ನು ಗೆಲ್ಲಲಾಗದ ಇಂಗ್ಲಿಷರು ಊರಿಗೆ ಬೆಂಕಿಯಿಟ್ಟು ಹಿಂದಿರುಗಿದರು. ಹೀಗಾಗಿ ಮನೆಗಳೆಲ್ಲ ಅದರ ಈಚಿನವು. ಸೇಂಟ್ ಜಾರ್ಜ್ ಬೀದಿಯ ಹಲವು ‘ಹಳೆಯ’ ಮನೆಗಳಂತೂ 1960ರ ದಶಕದ ಆಸುಪಾಸಿನಲ್ಲಿ ಮರಳಿ ಕಟ್ಟಿದವು. ನಿಮ್ಮ ಪರಿಚಿತರು ಬಹುಶಃ ಆ ಒಂದು ಬೀದಿಯನ್ನಷ್ಟೇ ನಡೆದು ಬಂದಿದ್ದಾರೆ.

ನೀವು ಬೆಳಿಗ್ಗೆಯೇ ಮೊದಲು ಕೋಟೆಗೆ ಹೋಗಿ. 1672ರಲ್ಲಿ ಆರಂಭಿಸಿ 1695ರಲ್ಲಿ ಮುಗಿಸಿದ ಕಾಸ್ತಿಯೊ ದೆ ಸಾನ್ ಮಾರ್ಕೊಸ್‌ನ ಗೋಡೆಯನ್ನು ಒಂದು ಮೊಳ ದೂರದಲ್ಲಿ ನಿಂತು ದಿಟ್ಟಿಸಿದರೆ ಅದು ಸಾಮಾನ್ಯ ಕಲ್ಲಲ್ಲ, ಉಗುರಿನಷ್ಟಗಲದ ಚಿಪ್ಪುಗಳು ಒಂದಕ್ಕೊಂದು ಅಂಟಿ ಗಟ್ಟಿಯಾದ ರಾಶಿ ಎಂಬುದು ತಿಳಿಯುತ್ತದೆ. ಕೊಕಿನಾ ಎನ್ನುವ ಈ ಶಿಲೆಯನ್ನು ಎದುರಿನ ಅನಸ್ತಾಸಿಯಾ ದ್ವೀಪದಲ್ಲಿ ಅಗೆದು ದೋಣಿಯಲ್ಲಿ ತರುತ್ತಿದ್ದರು. ನೆಲದಿಂದ ತೆಗೆದಾಗ ಮೆತ್ತಗಿದ್ದು, ಒಣಗಿದಂತೆ ಬಿಗಿಯುವುದು ಅದರ ಗುಣ. ಫಿರಂಗಿಯ ಗುಂಡು ಬಿದ್ದರೆ ಈ ಗೋಡೆ ಸೀಳುತ್ತಿರಲಿಲ್ಲ, ಗುಂಡನ್ನೇ ತನ್ನೊಳಗೆ ಹೂತುಕೊಳ್ಳುತ್ತಿತ್ತು. ಗಾರೆಯ ಸುಣ್ಣವೂ ಚಿಪ್ಪು ಸುಟ್ಟು ಮಾಡಿದ್ದು. ಕರಾವಳಿಯವರಾದ ನಿಮಗೆ ಅದನ್ನು ವಿವರಿಸಬೇಕಿಲ್ಲ. ಮೇಲಿನ ಫಿರಂಗಿ ಕಟ್ಟೆಗೆ ಮೆಟ್ಟಿಲು ಹತ್ತಬೇಕಾಗುತ್ತದೆ. ಮಂಡಿ ಒಪ್ಪದಿದ್ದರೆ ಕೆಳಗಿನ ಅಂಗಳ ಮತ್ತು ಅದರ ಸುತ್ತಲಿನ ಕೋಣೆಗಳನ್ನು ನೋಡಿದರೂ ನಷ್ಟವಿಲ್ಲ.

ಅನಂತರ ಹಳೆಯ ನಗರದ್ವಾರದಿಂದ ಸೇಂಟ್ ಜಾರ್ಜ್ ಬೀದಿಯನ್ನು ಹಿಡಿಯಿರಿ. ಅಲ್ಲಿ ವಾಹನ ಸಂಚಾರವಿಲ್ಲ. ಅಂಗಡಿಗಳನ್ನು ಬಿಟ್ಟು ಬಾಗಿಲುಗಳನ್ನು ಗಮನಿಸಿ: ಸ್ಪೇನಿನವರ ಪದ್ಧತಿಯ ಮನೆಗೆ ಬೀದಿಯ ಕಡೆ ಬಾಗಿಲಿರುತ್ತಿರಲಿಲ್ಲ, ಪಕ್ಕದ ಗೋಡೆಯ ಗೇಟಿನಿಂದ ಅಂಗಳಕ್ಕೆ ಬಂದು, ಅಲ್ಲಿನ ಕಮಾನಿನ ಪಡಸಾಲೆಯ ಮೂಲಕ ಒಳಗೆ ಹೋಗಬೇಕಿತ್ತು. ನಡುವೆ ಸಿಗುವ ಪ್ಲಾಜಾ ಎಂಬ ಚೌಕ, ಮರಗಳ ನೆರಳಿನಲ್ಲಿ ಕುಳಿತು ದಣಿವಾರಿಸಿಕೊಳ್ಳಲು ತಕ್ಕ ಜಾಗ. ಅದರ ಉತ್ತರಕ್ಕೆ 1790ರ ದಶಕದಲ್ಲಿ ಕಟ್ಟಿ, 1887ರ ಬೆಂಕಿಯ ಬಳಿಕ ಮತ್ತೆ ಎಬ್ಬಿಸಿದ ಕೆಥೀಡ್ರಲ್ ಇದೆ.

ನಗರದ್ವಾರದಿಂದ ಹೆಚ್ಚುಕಡಿಮೆ ಒಂದೂಕಾಲು ಕಿಲೋಮೀಟರ್ ದೂರದ ಗೊನ್ಸಾಲೆಜ್-ಅಲ್ವಾರೆಜ್ ಮನೆಯನ್ನು ನಡೆಯಲಾಗದಿದ್ದರೆ ಕಾರಿನಲ್ಲಾದರೂ ಹೋಗಿ ನೋಡಬೇಕು. ಹದಿನೆಂಟನೆಯ ಶತಮಾನದ ಮೊದಲ ಭಾಗದ ಈ ಮನೆಯ ಕೆಳ ಅಂತಸ್ತು ಸ್ಪೇನಿನವರ ಕೊಕಿನಾ. ಮರದ ಮೇಲಂತಸ್ತು, 1763ರಲ್ಲಿ ಫ್ಲಾರಿಡಾ ಕೈಗೆ ಬಂದಮೇಲೆ ಬ್ರಿಟಿಷರ ಕಾಲದಲ್ಲಿ ಏರಿಸಿದ್ದು. ಇಪ್ಪತ್ತು ವರ್ಷಗಳ ಬಳಿಕ ಊರು ಪುನಃ ಸ್ಪೇನಿಗೆ ಸೇರಿ, 1821ರಲ್ಲಿ ಅಮೆರಿಕದ್ದಾಯಿತು. ನನ್ನ ಮಟ್ಟಿಗೆ ಊರಿನ ಚರಿತ್ರೆಯನ್ನು ಯಾವ ಫಲಕಕ್ಕಿಂತಲೂ ಚೆನ್ನಾಗಿ ಹೇಳುವುದು ಈ ಮನೆಯೇ. ಅಂದಹಾಗೆ, ‘ಅತ್ಯಂತ ಹಳೆಯ’ ಎಂಬ ಫಲಕ ಆ ಊರಿನಲ್ಲಿ ಹೆಜ್ಜೆಗೊಂದು ಸಿಗುತ್ತದೆ. ಎಲ್ಲಕ್ಕೂ ಟಿಕೆಟ್ ಕೊಳ್ಳಬೇಕಾಗಿಲ್ಲ.

ಖರೀದಿಯ ವಿಷಯಕ್ಕೆ ಬಂದರೆ, 1777ರಲ್ಲಿ ಅಲ್ಲಿ ಆಶ್ರಯ ಪಡೆದ, ಮೆಡಿಟರೇನಿಯನ್ ಸಮುದ್ರದ ಮಿನೋರ್ಕಾ ದ್ವೀಪದವರ ಅಡುಗೆಗೆ ಹೊಂದಿಕೊಂಡ ಡಾಟಿಲ್ ಎಂಬ ಮೆಣಸಿನಕಾಯಿಯ ಸಾಸ್ ಎಲ್ಲೆಡೆ ಸಿಗುತ್ತದೆ. ಸಿಹಿವಾಸನೆಗೆ ಮರುಳಾಗಬೇಡಿ, ಖಾರ ಜೋರಾಗಿದೆ. ಊರಿಗೆ ತರುವುದಾದರೆ ಬಾಟಲಿಯನ್ನು ವಿಮಾನದ ಕೈಚೀಲದಲ್ಲಿಡದೆ ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಡಿ.