ವ್ಯಾಪಾರ ಇಲ್ಲದ ತಿಂಗಳಿಗೂ ಜಿಎಸ್‌ಟಿ ದಂಡ ಬೀಳುತ್ತದಾ?

ಕೇರಳದ ಕಾಸರಗೋಡಿನ ಪೆರ್ಲದಲ್ಲಿ ಚಿಕ್ಕ ಅಂಗಡಿ, ಮೂರು ತಿಂಗಳಿಂದ ರಿಟರ್ನ್ ಹಾಕಿಲ್ಲ, ಎರಡು ತಿಂಗಳು ವ್ಯಾಪಾರವೇ ಇರಲಿಲ್ಲ, ಮೂರನೆಯದಕ್ಕೆ ಮಾತ್ರ ತೆರಿಗೆ ಕಟ್ಟಲಿಕ್ಕಿದೆ, ಎಷ್ಟು ದಂಡ ಬೀಳಬಹುದು ಅಂತ ಕೇಳಿದ್ದೀರಿ. ನಾನು ಬದಿಯಡ್ಕದಲ್ಲಿ ಅಡಿಕೆ ವ್ಯಾಪಾರ ಮಾಡುವವನು. ಇದೇ ತಪ್ಪು ಮಾಡಿ ಅನುಭವಿಸಿದ್ದೇನೆ.

ವ್ಯಾಪಾರ ಇಲ್ಲದಿದ್ದರೂ ರಿಟರ್ನ್ ಹಾಕಲೇಬೇಕು. ಅಂಥ ತಿಂಗಳ 3ಬಿಗೆ (ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್, GSTR-3B) ದಿನಕ್ಕೆ 20 ರೂಪಾಯಿ ತಡಶುಲ್ಕ, ಒಂದು ರಿಟರ್ನಿಗೆ ಹೆಚ್ಚೆಂದರೆ 500. ತೆರಿಗೆ ಇರುವ ತಿಂಗಳಿಗೆ ದಿನಕ್ಕೆ 50. ಅದರಲ್ಲಿ 25 ಕೇಂದ್ರಕ್ಕೆ, 25 ಕೇರಳಕ್ಕೆ. ಹಿಂದಿನ ವರ್ಷದ ವಹಿವಾಟು ಒಂದೂವರೆ ಕೋಟಿಯೊಳಗಿದ್ದರೆ ಇದು 2,000ಕ್ಕೆ ನಿಲ್ಲುತ್ತದೆ. ಅಲ್ಲಿಗೆ ನಿಮ್ಮ ಮೂರು ತಿಂಗಳ 3ಬಿಗೆ ತಡಶುಲ್ಕ ಒಟ್ಟು 3,000 ದಾಟುವುದಿಲ್ಲ. ಬಡ್ಡಿ ಬೇರೆ, ವರ್ಷಕ್ಕೆ ಶೇಕಡಾ 18. 40,000 ತೆರಿಗೆ 30 ದಿನ ತಡವಾದರೆ ಸುಮಾರು 592 ರೂಪಾಯಿ. ತಡಶುಲ್ಕವನ್ನು ಇನ್‌ಪುಟ್ ಕ್ರೆಡಿಟ್‌ನಲ್ಲಿ (ಖರೀದಿಯಲ್ಲಿ ಕೊಟ್ಟ ತೆರಿಗೆಯ ಜಮೆ) ಕಳೆಯಲು ಆಗುವುದಿಲ್ಲ, ಕೈಯಿಂದಲೇ ಕಟ್ಟಬೇಕು.

ಈ ಹಣ ಹೇಗಾದರೂ ಕಟ್ಟಬಹುದು ಮಾರಾಯ್ರೆ. ನನಗೆ ಹೊಡೆತ ಬಿದ್ದದ್ದು ಬೇರೆ ಕಡೆಯಿಂದ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಎರಡು ತಿಂಗಳ ರಿಟರ್ನ್ ಬಾಕಿಯಾಯಿತು. ಆಮೇಲೆ ಒಂದು ದಿನ ಪುತ್ತೂರಿಗೆ ಲೋಡು ಕಳಿಸಲಿಕ್ಕಿತ್ತು. ಗೋಣಿ ಎಲ್ಲ ಲಾರಿಗೆ ಏರಿಸಿ ಆಗಿತ್ತು, ಟಾರ್ಪಾಲು ಕಟ್ಟಿ ಆಗಿತ್ತು. ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ ಮಾಡಲು ಕೂತರೆ ಆಗುತ್ತಲೇ ಇಲ್ಲ. ಸತತ ಎರಡು ಅವಧಿಯ ರಿಟರ್ನ್ ಬಾಕಿ ಇದ್ದರೆ ನಾವು ಮಾಲು ಕಳಿಸುವ ಬಿಲ್ ಬಂದ್ ಆಗುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ. ರಿಟರ್ನ್ ಹಾಕಿದ ಮೇಲೆ ಮರುದಿನ ಬಿಲ್ ಸರಿಯಾಯಿತು. ಅಷ್ಟರವರೆಗೆ ಲಾರಿ ಅಂಗಳದಲ್ಲೇ ನಿಂತಿತ್ತು. ಅಡಿಕೆ ಕೊಟ್ಟ ಕೃಷಿಕರು ಹಣಕ್ಕೆ ಕಾಯುತ್ತಿದ್ದರು. ಅವರ ಮುಖ ನೋಡುವುದೇ ಕಷ್ಟವಾಯಿತು. ನಾನು ಆರ್1 (ಮಾರಾಟದ ವಿವರ ಕೊಡುವ ರಿಟರ್ನ್, GSTR-1) ಹಾಕದ ಕಾರಣ ಪುತ್ತೂರಿನ ಪಾರ್ಟಿಗೂ ಕ್ರೆಡಿಟ್ ಸಿಕ್ಕಿರಲಿಲ್ಲ. ಅವರು ಎರಡು ಸಲ ಫೋನ್ ಮಾಡಿದ್ದರು, ನಾನು ಎತ್ತಿರಲಿಲ್ಲ.

ಹಾಗಾಗಿ ಹಳೆಯ ತಿಂಗಳಿನಿಂದಲೇ ಶುರು ಮಾಡಿ. ಅದನ್ನು ಬಿಟ್ಟು ಮುಂದಿನದು ಹಾಕಲು ಆಗುವುದಿಲ್ಲ. ಪ್ರತಿ ತಿಂಗಳಿಗೂ ಮೊದಲು ಆರ್1, ಆಮೇಲೆ 3ಬಿ. ಮೊದಲನೆಯ 3ಬಿಯಲ್ಲಿ ತಡಶುಲ್ಕ ಕಾಣದಿದ್ದರೆ ತಪ್ಪಿತು ಅಂದುಕೊಳ್ಳಬೇಡಿ, ಅದು ಮುಂದಿನ 3ಬಿಯಲ್ಲಿ ಬಂದು ಕೂರುತ್ತದೆ. ನೋಟಿಸು ಅಂಚೆಯಲ್ಲಿ ಬರಲಿ ಅಂತಲೂ ಕಾಯಬೇಡಿ, ಜಿಎಸ್‌ಟಿ ಪೋರ್ಟಲ್‌ನಲ್ಲೇ ಬಂದು ಬಿದ್ದಿರಬಹುದು. ಆರು ತಿಂಗಳು ಸತತವಾಗಿ ಹಾಕದಿದ್ದರೆ ರಿಜಿಸ್ಟ್ರೇಶನ್ನೇ ರದ್ದು ಮಾಡಬಹುದು.

ಇನ್ನು ಮುಂದಕ್ಕೆ ಎರಡು ಮಾತು. ಲೆಕ್ಕ ಸಿದ್ಧ ಇಲ್ಲದಿದ್ದರೂ ತೆರಿಗೆಯ ಹಣವನ್ನು ಕೊನೆಯ ದಿನದೊಳಗೆ ಕ್ಯಾಶ್ ಲೆಡ್ಜರಿಗೆ (ಪೋರ್ಟಲ್‌ನಲ್ಲಿ ನಿಮ್ಮ ಹಣ ಜಮೆ ಇಡುವ ಖಾತೆ) ಹಾಕಿಡಿ. ರಿಟರ್ನ್ ಹಾಕುವವರೆಗೆ ಅದನ್ನು ಮುಟ್ಟದಿದ್ದರೆ ಅಷ್ಟು ಹಣಕ್ಕೆ ಬಡ್ಡಿ ಇಲ್ಲ. 2024ರಲ್ಲಿ ಈ ನಿಯಮ ಬಂತು. ಇನ್ನೊಂದು, ವ್ಯಾಪಾರ ಇಲ್ಲದ ತಿಂಗಳ 3ಬಿಯನ್ನು 14409ಕ್ಕೆ ಎಸ್ಸೆಮ್ಮೆಸ್ ಕಳಿಸಿಯೇ ಮುಗಿಸಬಹುದು, ಹಳೆಯ ಬಾಕಿ ಇರಬಾರದು ಅಷ್ಟೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ಕೈಕೊಡುತ್ತವೆ ಅಲ್ವಾ, ಆಗ ಇದರಿಂದ ತುಂಬ ಉಪಕಾರ.

ಅಂಗಡಿ ಮುಚ್ಚುವ ಯೋಚನೆ ಇದ್ದರೆ ಸುಮ್ನೆ ಬಿಟ್ಟುಬಿಡಬೇಡಿ, ರದ್ದತಿಗೆ ನೀವೇ ಅರ್ಜಿ ಹಾಕಿ. ರದ್ದಾದ ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಒಂದು ಹಾಕಲಿಕ್ಕಿದೆ.

ಒಂದು ಕೇಳಲು ಮರೆತೆ, ಪೋರ್ಟಲ್‌ನಲ್ಲಿರುವ ಮೊಬೈಲ್ ನಂಬರ್ ನಿಮ್ಮದೇ ತಾನೆ? ಲೆಕ್ಕ ಬರೆಯುವವರದ್ದಾದರೆ ಒಟಿಪಿ, ನೋಟಿಸಿನ ಸುದ್ದಿ ಎಲ್ಲ ಅವರಿಗೇ ಹೋಗುತ್ತದೆ. ಮೊದಲು ಅದನ್ನು ಬದಲಾಯಿಸಿಕೊಳ್ಳಿ.